ಹೆಸರು ಕೊರೆಸಿದ ಲ್ಯಾಪ್‌ಟಾಪು

ನಮ್ಮ ಖೋಲಿಯಲ್ಲಿ ಕಳ್ಳರು ಒಯ್ಯುವಂಥದ್ದು ಏನೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಖೋಲಿಗೆ ಬಂದುಹೋದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಕಾಂತೇಶನ ಅಭಿಪ್ರಾಯ ಬೇರೆಯಿತ್ತು. ಕಾಂತೇಶನಿಗೆ ಒಂದು ಅಭಿಪ್ರಾಯ ಹುಟ್ಟಿತೆಂದರೆ ಅದರ ಬಾಣಂತನವನ್ನು ನಾವೇ ಮಾಡಬೇಕಾಗುತ್ತಿತ್ತು.

ನಾವು ಮೂವರು. ನಾನು ಓಂಕಾರ, ಕಂದಲಗಾಂವದವನು. ಎರಡನೆಯವನು ಯುವರಾಜ, ಅವನು ಹೆಚ್ಚಾಗಿ ನಿದ್ದೆಯಲ್ಲಿರುವುದರಿಂದ ಈ ಕಥೆಯಲ್ಲಿ ಅವನಿಗೆ ಕೆಲಸ ಕಡಿಮೆ. ಮೂರನೆಯವನು ಅಕ್ಕಲಕೋಟ ತಾಲೂಕಿನ ನಾಗಣಸೂರದ ಕಾಂತೇಶ. ಅವರಪ್ಪ ಶಿವಶರಣಪ್ಪನವರಿಗೆ ಊರಲ್ಲಿ ಹೊಲ, ಬಾವಿ, ಮೀಸೆ ಮೂರೂ ದೊಡ್ಡವು. ಸೊಲ್ಲಾಪುರದಲ್ಲಿ ಪ್ರಹ್ಲಾದ ಕಾಕಾ ಅವರ ಮಾಳಿಗೆಯ ಮೇಲಿನ ಖೋಲಿ ಹಿಡಿದು ನಾವು ಇಂಜಿನಿಯರಿಂಗಿನ ಕೊನೆಯ ವರ್ಷ ಓದುತ್ತಿದ್ದೆವು.

ಕಾಂತೇಶನ ಹತ್ತಿರ ಬೆಲೆಯುಳ್ಳ ವಸ್ತು ಒಂದೇ, ಲ್ಯಾಪ್‌ಟಾಪು. ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರಖಾನೆಯ ಆಫೀಸಿನಲ್ಲಿ ಕೆಲಸ ಮಾಡುವ ಅವನ ಅಕ್ಕ ಪ್ರಣಿತಾ ತನ್ನ ಮೊದಲ ದೀಪಾವಳಿ ಬೋನಸ್ಸಿನಲ್ಲಿ ಕೊಡಿಸಿದ್ದು. ಅದರ ಜತೆಗೆ ಒಂದು ನೀಲಿ ಬಕೇಟನ್ನೂ ಕೊಡಿಸಿದ್ದಳು. ತಮ್ಮ ಓದಲಿ ಎಂಬುದರ ಜತೆಗೆ ದಿನಾ ಸ್ನಾನವನ್ನೂ ಮಾಡಲಿ ಎಂಬ ಆಸೆ ಅವಳಿಗಿತ್ತು. ಕಬ್ಬಿನ ಹೊಲಕ್ಕೆ ಮೊಬೈಲಿನಿಂದಲೇ ನೀರು ಬಿಡುವ ಅವನ ಪ್ರಾಜೆಕ್ಟು ಪೂರ್ತಿಯಾಗಿ ಆ ಲ್ಯಾಪ್‌ಟಾಪಿನಲ್ಲಿತ್ತು. ಹೊರಗಿನ ಪರೀಕ್ಷಕರು ಬಂದು ಅದನ್ನು ನೋಡಿ ಹೂಂ ಅಂದರೆ ಅವನು ಇಂಜಿನಿಯರು, ಇಲ್ಲವಾದರೆ ಇನ್ನೊಂದು ವರ್ಷ ನಮ್ಮ ತಲೆನೋವು.

ಹೀಗಿರುವಾಗ ಹಿಂದಿನ ಗಲ್ಲಿಯ ಹುಡುಗರ ಖೋಲಿಯಲ್ಲಿ ಹಾಡಹಗಲೇ ಕಳವಾಯಿತು. ಎರಡು ಮೊಬೈಲು, ಒಂದು ಲ್ಯಾಪ್‌ಟಾಪು ಹೋದವು. ಕಳ್ಳ ಹೋಗುವ ಮುಂಚೆ ಮಾವಿನ ಉಪ್ಪಿನಕಾಯಿಯನ್ನೂ ಅರ್ಧ ಬರಣಿ ತಿಂದು ಹೋಗಿದ್ದ. ಅಂದಿನಿಂದ ಕಾಂತೇಶನ ಕಣ್ಣಿಗೆ ಗಲ್ಲಿಯಲ್ಲಿ ಹಾಯುವ ಹಾಲಿನವನೂ ಕಳ್ಳ, ಹಳೇ ಕಬ್ಬಿಣ ಕೊಳ್ಳುವ ಭಂಗಾರದವನೂ ಕಳ್ಳ.

ಮೊದಲು ಲ್ಯಾಪ್‌ಟಾಪಿನ ಬ್ಯಾಗನ್ನು ಸೈಕಲ್ ಚೈನಿನಿಂದ ಮಂಚದ ಕಾಲಿಗೆ ಬಿಗಿದ. ಕೀಲಿಕೈ ಕಳ್ಳನಿಗೆ ಸಿಗಬಾರದೆಂದು ಬಚ್ಚಿಟ್ಟ. ಅದು ಅವನಿಗೂ ಸಿಗಲಿಲ್ಲ. ಎರಡು ದಿನ ಮಂಚದ ಕೆಳಗೆ ಮಲಗಿ, ಅರ್ಧ ತೆರೆದ ಬ್ಯಾಗಿನೊಳಗೆ ಕೈ ತೂರಿಸಿ ಪ್ರಾಜೆಕ್ಟು ಬರೆದ. ಆಮೇಲೆ ಚೈನು ಕೊಯ್ಯಿಸಿ, ಲ್ಯಾಪ್‌ಟಾಪನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಇಟ್ಟ. ಮರುದಿನ ಕಾಲೇಜಿನಲ್ಲಿ ತೆರೆದಾಗ ಫ್ಯಾನಿನ ಗಾಳಿಗೆ ಹಿಟ್ಟು ಎದ್ದು ಸರ್ ಅವರ ಕನ್ನಡಕ ಬೆಳ್ಳಗಾಯಿತು. ಇವೆರಡನ್ನೂ ಮೀರಿಸಿದ್ದು ಮೂರನೆಯದು. ಪೆನ್‌ಡ್ರೈವಿನಲ್ಲಿದ್ದ ಪ್ರಾಜೆಕ್ಟಿನ ಪ್ರತಿಯನ್ನು ಅಳಿಸಿಬಿಟ್ಟ.

"ಅದನ್ಯಾಕ ಅಳಿಸಿದಿ?" ಎಂದು ಕೇಳಿದೆ.

"ಪೆನ್‌ಡ್ರೈವ ಸಣ್ಣದಲ್ಲೋ ಓಂಕಾರ. ಕಳ್ಳ ಕಿಸೇದಾಗ ಹಾಕ್ಕೊಂಡ ಹೋದ್ರ ಗೊತ್ತ ಆಗಂಗಿಲ್ಲ. ಅದರಾಗ ಏನೂ ಇಲ್ಲಂದ್ರ ಅಂವ ಏನ್ ಒಯ್ತಾನ?"

ಇಂಥ ಪ್ರಶ್ನೆಗೆ ಉತ್ತರ ಕೊಡಲು ಹೋಗಿ ಹಿಂದೆ ಎರಡು ಸಲ ನನಗೆ ತಲೆಶೂಲೆ ಬಂದಿತ್ತು.

ಕಳವಿನ ತಪಾಸಣೆಗೆ ಬಂದಿದ್ದ ಹವಾಲ್ದಾರರು ಗಲ್ಲಿಯ ಹುಡುಗರನ್ನೆಲ್ಲ ಕೂಡಿಸಿ ಒಂದು ಬುದ್ಧಿಮಾತು ಹೇಳಿದರು. "ಕಳವಾದ ಮಾಲು ನಾವು ಹಿಡದು ತರ್ತೀವಿ. ಆದ್ರ ಒಂದ ಲ್ಯಾಪಟಾಪಿಗಿ ಹತ್ತ ಮಂದಿ ಬಂದು ನಂದು ನಂದು ಅಂತಾರ. ಸಾಮಾನಿನ ಮ್ಯಾಲ ಹೆಸರ ಇತ್ತಂದ್ರ ಭಾನಗಡೀನ ಇಲ್ಲ."

ಒಂಬತ್ತು ಹುಡುಗರು ಈ ಮಾತನ್ನು ಅಲ್ಲೇ ಬಿಟ್ಟು ಚಹಾಕ್ಕೆ ಹೋದರು. ಕಾಂತೇಶ ತನ್ನ ಸಾಮಾನೆಲ್ಲ ನನ್ನ ಮೇಲೆ ಹೊರಿಸಿ, ನನ್ನನ್ನು ಎಳೆದುಕೊಂಡು ಭಾಂಡೆ ಅಂಗಡಿಗೆ ಹೋದ.

ಆ ಅಂಗಡಿಯ ಕಟ್ಟೆಯ ಮೇಲೆ ಪಾತ್ರೆಗಳಿಗೆ ಹೆಸರು ಕೊರೆಯುವ ಧೂಳಪ್ಪ ಕೂತಿರುತ್ತಾರೆ. ನಲವತ್ತು ವರ್ಷದಿಂದ ಸೊಲ್ಲಾಪುರದ ಮದುವೆಗಳ ತಾಟು, ತಂಬಿಗೆ, ಕೊಡಗಳೆಲ್ಲ ಅವರ ಕೈ ದಾಟಿಯೇ ಹೋಗುತ್ತವೆ. ಅವರು ಲ್ಯಾಪ್‌ಟಾಪನ್ನು ತಿರುವಿ ಮುರುವಿ ನೋಡಿದರು.

"ಇದು ತಾಟ ಅಲ್ಲಲ್ಲೋ ತಮ್ಮಾ."

"ಲ್ಯಾಪಟಾಪ ರಿ ಕಾಕಾ. ಹೆಸರ ಹಾಕ್ರಿ."

"ಹ್ಯಾಂಗ ಹಾಕ್ಲಿ?"

"ನೀವು ಯಾವಾಗೂ ಹ್ಯಾಂಗ ಹಾಕ್ತೀರಿ ಹಂಗ. ಅಪ್ಪನ ಹೆಸರು, ಊರು ಎಲ್ಲಾ ಬರ್ಲಿ. ಪದ್ಧತಶೀರ ಆಗ್ಲಿ."

ಧೂಳಪ್ಪ ಹಾಗೆಯೇ ಹಾಕಿದರು. ಮಶೀನು ಗುರ್ ಅಂದಿತು, ಮುಚ್ಚಳದ ಮೇಲೆ ಮರಾಠಿಯಲ್ಲಿ ಚುಕ್ಕಿಚುಕ್ಕಿ ಅಕ್ಷರ ಮೂಡಿದವು: "ಚಿ. ಕಾಂತೇಶ ಶಿವಶರಣಪ್ಪ, ನಾಗಣಸೂರ, ಯಾಂಚ್ಯಾಕಡೂನ್ ಸಪ್ರೇಮ ಭೇಟ." ಅಂದರೆ ಕಾಂತೇಶನ ಕಡೆಯಿಂದ ಪ್ರೀತಿಪೂರ್ವಕ ಉಡುಗೊರೆ. ಅದೇ ಒಕ್ಕಣೆ ಕುಕ್ಕರಿಗೆ ಬಿತ್ತು, ಟೇಬಲ್ ಫ್ಯಾನಿಗೆ ಬಿತ್ತು, ಊಟದ ತಾಟಿಗೆ, ಚಹಾದ ಸ್ಟೀಲ್ ಗ್ಲಾಸಿಗೆ ಬಿತ್ತು. ಬಕೇಟು ಪ್ಲಾಸ್ಟಿಕ್ಕಿನದಾದ್ದರಿಂದ ಸೂಜಿ ಕಾಸಿ ಬರೆದರು.

ಪಕ್ಕದಲ್ಲೇ ನಿಂತಿದ್ದ ನೀನು ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಬಹುದು. ನಾನೂ ಓದಿದೆ, ನನಗೂ ಏನೂ ಅನಿಸಲಿಲ್ಲ. ನಮ್ಮ ಕಡೆ ಹುಟ್ಟಿದ ಕೂಸು ಮೊದಲ ತುತ್ತು ತಿನ್ನುವ ತಾಟಿನ ಮೇಲೂ ಸಪ್ರೇಮ ಭೇಟ ಎಂದು ಇರುತ್ತದೆ. ಕೊಡ ಹೊತ್ತರೂ ಅದೇ, ತಂಬಿಗೆ ಹಿಡಿದು ಬಯಲಿಗೆ ಹೊರಟರೂ ಅದೇ. ಪತ್ರದ ತಲೆಗೆ ಶ್ರೀ ಇದ್ದಂತೆ ಹೆಸರಿನ ಬಾಲಕ್ಕೆ ಸಪ್ರೇಮ ಭೇಟ ಇರುವುದೇ ಶಾಸ್ತ್ರವೆಂದು ನಾವು ತಿಳಿದಿದ್ದೆವು. ಕಾಂತೇಶನಂತೂ ಪುರಾವೆಗೆ ಇರಲಿ ಎಂದು ಪ್ರತಿಯೊಂದು ವಸ್ತುವಿನ ಫೋಟೋ ಹೊಡೆದುಕೊಂಡ.

ಅದೇ ವಾರ ಕೆಳಗೆ ಪ್ರಹ್ಲಾದ ಕಾಕಾ ಅವರ ಒಬ್ಬಳೇ ಮಗಳು ಭಕ್ತಿಯ ಮದುವೆ. ವರ ಅಕ್ಕಲಕೋಟದ ಮಯೂರ. ನಮಗೂ ಕರೆಯಿತ್ತು, ಆದರೆ ನಾನೂ ಯುವರಾಜನೂ ಊರಿಗೆ ಹೋಗಲೇಬೇಕಿತ್ತು. ಕಾಂತೇಶನ ಅಜ್ಜಿ ಸೋನಾಬಾಯಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಪಟ್ಟಿ ಬಿಚ್ಚಿದ ಕೂಡಲೇ ಮೊಮ್ಮಗನ ಮುಖವನ್ನೇ ನೋಡುತ್ತೇನೆಂದು ಮುದುಕಿ ಹಟ ಹಿಡಿದಿದ್ದಳು. ಎಸ್‌ಟಿ ಬಸ್ಸಿನ ಗದ್ದಲದಲ್ಲಿ ಲ್ಯಾಪ್‌ಟಾಪು ಒಯ್ಯಲು ಕಾಂತೇಶನಿಗೆ ಧೈರ್ಯವಿಲ್ಲ, ಖಾಲಿ ಖೋಲಿಯಲ್ಲಿ ಬಿಡಲು ಮನಸ್ಸಿಲ್ಲ. ಕೆಳಗೆ ಕಾಕಾ ಅವರ ಮನೆಯಲ್ಲಿ ಕೀಲಿ ಹಾಕುವ ಒಂದು ಕೋಣೆಯಿತ್ತು. ಅದರಲ್ಲಿ ಇಟ್ಟು ಹೋಗುವುದೆಂದು ನಿರ್ಧಾರವಾಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಕಾಂತೇಶನೇ ಅಲ್ಲ. ಬಜಾರಿಗೆ ಹೋಗಿ ಮಿರಿಮಿರಿ ಮಿಂಚುವ ಬಣ್ಣದ ಕಾಗದ ತಂದು ಒಂದೊಂದೇ ವಸ್ತುವಿಗೆ ಸುತ್ತತೊಡಗಿದ.

"ಇದೇನೋ ಮಾರಾಯಾ?"

"ತಿಳಕೊ, ಕಳ್ಳ ಅಲ್ಲೂ ಬಂದ. ಮದುವಿ ಮನಿ, ಬಣ್ಣದ ಕಾಗದ ನೋಡ್ದ. ಏನಂತಾನ? ಗ್ವಾಡಿ ಗಡಿಯಾಳ ಅಂತಾನ. ಗಡಿಯಾಳ ಯಾವ ಕಳ್ಳನೂ ಒಯ್ಯಂಗಿಲ್ಲ."

ಈ ಮಾತನ್ನು ಮಾತ್ರ ನನ್ನಿಂದ ತಳ್ಳಿಹಾಕಲು ಆಗಲಿಲ್ಲ. ಬಕೇಟಿಗೆ ಎರಡು ಹಾಳೆ ಬೇಕಾದವು. ಹೊತ್ತುಕೊಂಡು ಕೆಳಗೆ ಹೋದೆವು. ಮನೆಯೊಡತಿ ಕುಮುದಿನಿ ಕಾಕೂ ಕಿವಿಗೆ ಫೋನು ಹಚ್ಚಿ ಲಾಡಿನ ಲೆಕ್ಕದಲ್ಲಿದ್ದರು.

"ಕಾಕೂ, ಇವನ್ನ ಒಳಗ ಇಡ್ಲೇನ್ರಿ?"

ಕಾಕೂ ತಿರುಗಿಯೂ ನೋಡದೆ, "ಇಡಪಾ ಇಡು, ಅಲ್ಲೇ ಆಹೇರದ ಬಾಜೂಕ ಇಡು," ಅಂದರು.

ಕಾಂತೇಶ ಉಡುಗೊರೆಗಳ ರಾಶಿಯ ಪಕ್ಕದಲ್ಲಿ ಎಲ್ಲವನ್ನೂ ಓರಣವಾಗಿ ಜೋಡಿಸಿದ. ಬಹಳ ದಿನಗಳ ಮೇಲೆ ಅವನು ನೆಮ್ಮದಿಯಿಂದ ಬಸ್ಸು ಹತ್ತಿದ್ದನ್ನು ನಾನು ನೋಡಿದೆ.

ರವಿವಾರ ನಾವು ತಿರುಗಿ ಬಂದಾಗ ಮಂಟಪ ಬಿಚ್ಚುತ್ತಿದ್ದರು. ಪ್ರಹ್ಲಾದ ಕಾಕಾ ಬಾಗಿಲಲ್ಲೇ ಕಾದಿದ್ದರು. ಕಾಂತೇಶನಿಗೆ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟು, ಅವನ ಭುಜ ಹಿಡಿದು ಗದ್ಗದರಾದರು. ಕಾಕಾ ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಬಂದ ಕಾಗದ, ಹೋದ ಕಾಗದಗಳ ಆವಕ ಜಾವಕ ರಿಜಿಸ್ಟರು ಬರೆದವರು. ಅವರು ಗದ್ಗದರಾದದ್ದನ್ನು ನಾವು ಅದೇ ಮೊದಲು ನೋಡಿದ್ದು.

"ಮಂಟಪದಾಗ ಕಾಗದ ಬಿಚ್ಚಿ, ಮೈಕ್ ಹಿಡದು ನಾನ ಓದೀನಿ. ಚಿರಂಜೀವಿ ಕಾಂತೇಶ ಇವರ ಕಡಿಂದ ಲ್ಯಾಪಟಾಪ ಒಂದು, ಕುಕ್ಕರ ಒಂದು, ಟೇಬಲ ಫ್ಯಾನ ಒಂದು, ತಾಟು ಒಂದು, ಗ್ಲಾಸು ಒಂದು, ನೀಲಿ ಬಕೇಟ ಒಂದು, ಸಪ್ರೇಮ ಭೇಟ. ಬಕೇಟಿಗಿ ಚಪ್ಪಾಳಿ ಬಿದ್ದಾವ ನೋಡು."

ಕಾಕೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನನ್ನ ಒಡಹುಟ್ಟಿದ ಸಖ್ಖಾ ಅಣ್ಣ ಗಡಿಯಾಳ ಕೊಟ್ಟ. ನೀ ಉಣ್ಣೂ ತಾಟ ಸುದ್ದಾ ಕೊಟ್ಟೆಲ್ಲೋ."

ಕಾಂತೇಶ ತೆಂಗಿನಕಾಯಿಯನ್ನು ನನ್ನ ಕೈಗೆ ದಾಟಿಸಿದ. "ಅವೆಲ್ಲಾ ಈಗ ಎಲ್ಲಿ ಅದಾವ್ರಿ ಕಾಕೂ?"

"ಎಲ್ಲಿ ಅಂದ್ರ? ಅಕ್ಕಲಕೋಟದಾಗ, ಭಕ್ತಿ ಮನ್ಯಾಗ."

ಮೇಲೆ ಬಂದು, ಮೊಬೈಲಿನ ಫೋಟೋ ತೆರೆದು, ಆ ಅಕ್ಷರಗಳ ಅರ್ಥವನ್ನು ನಾವು ಮೊದಲ ಸಲ ಗಮನಿಸಿದೆವು. ಯುವರಾಜನಿಗೂ ಎಚ್ಚರವಾಯಿತು. "ಹಂಗಾರ ಕುಕ್ಕರ ಹೋತು. ನಾಳಿ ಅನ್ನ ಎದರಾಗ ಮಾಡೂದು?" ಎಂದು ಕೇಳಿ ಮತ್ತೆ ಮಲಗಿದ. ಪ್ರಾಜೆಕ್ಟಿನ ಪರೀಕ್ಷೆ ಬುಧವಾರವಿತ್ತು.

ನಿಜ ಹೇಳಿಬಿಡುತ್ತೇನೆಂದು ಕಾಂತೇಶ ಮೂರು ಸಲ ಕೆಳಗೆ ಇಳಿದ. ಮೊದಲ ಸಲ ಲಾಡು ತಿಂದು ಬಂದ. ಎರಡನೇ ಸಲ ಚಿವಡಾ ತಿಂದು ಬಂದ. ಮೂರನೇ ಸಲ ಕಾಕೂ, "ನನಗ ಗಂಡ ಮಗ ಇಲ್ಲ, ಇನ್ಮ್ಯಾಲ ನೀನ ಮಗ," ಅಂದರಂತೆ. ಆಮೇಲೆ ಅವನು ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಅದೇ ಹವಾಲ್ದಾರರ ಹತ್ತಿರ ಹೋದೆವು. ಅವರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು.

"ಇದನ್ನ ಬರಸ್ದಾಂವ ಯಾರು?"

"ನಾನರಿ."

"ಬಣ್ಣದ ಕಾಗದ ಸುತ್ತಿದಾಂವ?"

"ನಾನರಿ."

"ಒಯ್ದು ಆಹೇರದ ಬಾಜೂಕ ಇಟ್ಟಾಂವ?"

ಕಾಂತೇಶ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

"ಪ್ರೀತಿಲೇ ಕೊಟ್ಟೀನಿ ಅಂತ ಊರ ಹೆಸರ ಹಾಕಿ ಬರದಿ. ಸಪ್ರೇಮ ಕಳವು ಅಂತ ನಮ್ಮಲ್ಲಿ ಕಲಂ ಇಲ್ಲಪಾ," ಎಂದು ಹವಾಲ್ದಾರರು ಫೋನು ವಾಪಸು ಕೊಟ್ಟರು. "ಹೋಗ್ಲಿ, ಮದುವಿ ಊಟರ ಮಾಡಿದ್ಯೋ ಇಲ್ಲೋ?"

"ಅದೂ ಇಲ್ರಿ," ಅಂದ ಕಾಂತೇಶ.

ಹೊರಗೆ ಬರುವಷ್ಟರಲ್ಲಿ ಶಿವಶರಣಪ್ಪನವರ ಫೋನು. ಅವರ ದನಿ ಯಾವಾಗಲೂ ಹೊಲದ ಆ ದಂಡೆಯಿಂದ ಈ ದಂಡೆಗೆ ಕೇಳುವಂಥದ್ದು, ಆದ್ದರಿಂದ ನನಗೂ ಕೇಳಿಸಿತು. "ಅಕ್ಕಲಕೋಟದಾಗ ಚಹಾದ ಅಂಗಡ್ಯಾಗ ಮಂದಿ ಎದ್ದ ನಿಂತು ನಮಸ್ಕಾರ ಮಾಡಿದ್ರೋ. ಮಗ ಹಿಂಗ ಇರಬೇಕು ಅಂದ್ರು. ಮನಿತನದ ಹೆಸರ ತಂದಿ. ಖಬರದಾರ, ಕೊಟ್ಟದ್ದ ತಿರುಗಿ ಕೇಳಿ ನನ್ನ ಮಾರಿಗಿ ಮಸಿ ಬಳದ್ರ ಮನಿ ಹೊಸ್ತಲಾ ತುಳೀಬ್ಯಾಡ." ಸ್ವಲ್ಪ ತಡೆದು, "ಅದ ಖರೆ, ಬಕೇಟ ಯಾಕ ಕೊಟ್ಟಿ?" ಎಂದರು. ಕಾಂತೇಶ ಉತ್ತರ ಹುಡುಕುವ ಮೊದಲೇ ಇಟ್ಟುಬಿಟ್ಟರು.

ಮಧ್ಯಾಹ್ನ ಅಕ್ಕನ ಫೋನು ಬಂತು. ಪ್ರಣಿತಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾ ಕೊಟ್ಟದ್ದನ್ನ ಮಂದಿಗಿ ಕೊಡೂದಿದ್ರ ನನಗೊಂದ ಮಾತ ಹೇಳಬೇಕಿತ್ತಲ್ಲೋ ತಮ್ಮಾ," ಅಂದಳು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಇರ್ಲಿ ಬಿಡು," ಎಂದು ಇಟ್ಟಳು. ಆಮೇಲೆ ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ. ಅಂದು ಕಾಂತೇಶ ಊಟ ಮಾಡಲಿಲ್ಲ. ಅಂಗಡಿಯಲ್ಲಿ ಆ ಒಕ್ಕಣೆ ಓದಿಯೂ ತಡೆಯದಿದ್ದುದಕ್ಕೆ ನನಗೂ ಕೆಡುಕೆನಿಸಿತು.

ಮಂಗಳವಾರ ಅವನ ಕೈಗೆ ಖಾಲಿ ಪೆನ್‌ಡ್ರೈವು ಕೊಟ್ಟು, ಅಕ್ಕಲಕೋಟದ ಬಸ್ಸಿಗೆ ನಾನೇ ಹತ್ತಿಸಿದೆ, ನಾನೂ ಹತ್ತಿದೆ. ಲ್ಯಾಪ್‌ಟಾಪು ಕೇಳುವುದಿಲ್ಲ, ನೋಡಲು ಬಂದವರಂತೆ ಕೂತು ಪ್ರಾಜೆಕ್ಟನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬರುವುದು, ಇಷ್ಟೇ ನಮ್ಮ ಉಪಾಯ.

ಮಯೂರನ ಮನೆಯಲ್ಲಿ ಯಜಮಾನಿಕೆಯೆಲ್ಲ ಅವನ ಸೋದರತ್ತೆಯದು. ಎಲ್ಲರೂ ಅವರನ್ನು ಆತ್ಯಾ ಅನ್ನುತ್ತಾರೆ. ಆತ್ಯಾ ಕಾಂತೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಕೇಟಿನ ಕಾಂತೇಶ ಅಂದ್ರ ನೀನ ಏನು?"

"ಹೌದ್ರಿ ಆತ್ಯಾ."

ಚಹಾ ಬಂತು. ಕಾಂತೇಶನಿಗೆ ಅವನದೇ ಸ್ಟೀಲ್ ಗ್ಲಾಸು ಬಂದಿತ್ತು. ತನ್ನ ಹೆಸರಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಅವನು ಗುಟುಕರಿಸಿದ. ತಲೆಯ ಮೇಲೆ ಅವನದೇ ಫ್ಯಾನು ಕಪಾಟಿನ ಮೇಲಿಂದ ಗಾಳಿ ಬೀಸುತ್ತಿತ್ತು.

"ಭಕ್ತಿ ನಿನಗ ಏನಾಗಬೇಕು?" ಎಂದು ಆತ್ಯಾ ವಿಚಾರಣೆ ಆರಂಭಿಸಿದರು.

"ಏನೂ ಇಲ್ರಿ. ಮನಿ ಮಾಲಕರ ಮಗಳು."

"ಮನಿ ಮಾಲಕರ ಮಗಳಿಗಿ ಲ್ಯಾಪಟಾಪ ಯಾರ ಕೊಡ್ತಾರ? ತಾನು ಉಂಡ ತಾಟ ಯಾರ ಕೊಡ್ತಾರ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಭಕ್ತಿಯ ಮುಖ ಬಿಳಿಚಿಕೊಂಡಿತ್ತು. ಮದುವೆಯಾಗಿ ನಾಲ್ಕು ದಿನದ ಹುಡುಗಿ. ನಾಲ್ಕು ದಿನದಿಂದ ಇದೇ ಪ್ರಶ್ನೆ ಮನೆಯಲ್ಲಿ ಅಡ್ಡಾಡುತ್ತಿತ್ತೆಂದು ಕಾಣುತ್ತದೆ. ಪಾಪ, ಅವಳು ಏನೆಂದು ಉತ್ತರ ಕೊಟ್ಟಾಳು. ಅಷ್ಟರಲ್ಲಿ ಮಯೂರ ಲ್ಯಾಪ್‌ಟಾಪು ತಂದು ಟೀಪಾಯಿಯ ಮೇಲೆ ಇಟ್ಟ.

"ಛಲೋ ಆತು ಬಂದ್ರಿ. ತಗದ್ರ ಪಾಸವರ್ಡ ಕೇಳಲಿಕ್ಕತ್ತದ," ಎನ್ನುತ್ತ ಗುಂಡಿಗಳ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. "ಹೇಳ್ರಿ, ಹೊಡೀತೀನಿ."

ಕಾಂತೇಶ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ. "ನಾನ ಹೊಡೀತೀನಿ, ಈ ಕಡೆ ಕೊಡ್ರಿ."

"ಬ್ಯಾಡ," ಅಂದರು ಆತ್ಯಾ. ಅವರ ಅನುಮಾನ ಈಗ ಬಲವಾಗಿತ್ತು. ಪಾಸ್‌ವರ್ಡಿನಲ್ಲಿ ಯಾವ ಹುಡುಗಿಯ ಹೆಸರಿದೆ ಎಂದು ಅವರಿಗೆ ನೋಡಬೇಕಿತ್ತು. "ಇಲ್ಲೇ, ಎಲ್ಲಾರ ಮುಂದ ಬಾಯಿಲೇ ಹೇಳು."

ಕಾಂತೇಶ ನೆಲ ನೋಡುತ್ತ ಹೇಳಿದ: "ಕಳ್ಳಾ, ಕೈ ತಗಿ."

ಮಯೂರ ಎರಡೂ ಕೈ ಮೇಲೆತ್ತಿದ. ಆತ್ಯಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು.

"ಯಾರಿಗಿ ಅಂದಿ?" ಎಂದರು ಆತ್ಯಾ.

"ಅದ ಪಾಸವರ್ಡ ರಿ. ಕಳ್ಳ ಮುಟ್ಟಬಾರದಂತ ಇಟ್ಟೀನ್ರಿ."

ಮಯೂರ ಒಂದೇ ಬೆರಳಿನಿಂದ ಹೊಡೆದ. ಲ್ಯಾಪ್‌ಟಾಪು ತೆರೆಯಿತು. ಪರದೆಯ ಮೇಲೆ ಹೊಸ ಲ್ಯಾಪ್‌ಟಾಪಿನ ಡಬ್ಬಿ ಹಿಡಿದು ನಗುತ್ತಿದ್ದ ಪ್ರಣಿತಾ, ಪಕ್ಕದಲ್ಲಿ ಬಕೇಟು ಹಿಡಿದ ಕಾಂತೇಶ. ಅದರ ಕೆಳಗೆ ಬುಧವಾರ ಪರೀಕ್ಷೆ ಎಂಬ ಚೀಟಿ. ಭಕ್ತಿ ಹತ್ತಿರ ಬಂದು ನೋಡಿದಳು.

"ಇದು ಇಂವ ಓದೂ ಲ್ಯಾಪಟಾಪ ಅಲ್ಲಾ? ಇದನ್ಯಾಕ ಕೊಟ್ಟ್ಯೋ ಹುಚ್ಚಾ?"

ಅಲ್ಲಿಗೆ ಕಾಂತೇಶನ ಕಟ್ಟೆ ಒಡೆಯಿತು. ಹವಾಲ್ದಾರ, ಧೂಳಪ್ಪ, ಬಣ್ಣದ ಕಾಗದ, ಗೋಡೆ ಗಡಿಯಾರ, ಎಲ್ಲ ಹೇಳಿದ. "ಅಕ್ಕ ಕೊಟ್ಟದ್ದರಿ. ಅಕಿ ನನ್ನ ಜೋಡಿ ಮಾತ ಬಿಟ್ಟಾಳ್ರಿ," ಎನ್ನುವಾಗ ಕಣ್ಣಲ್ಲಿ ನೀರೇ ಬಂತು. ಆತ್ಯಾ ಮೊದಲು ಸೆರಗು ಬಾಯಿಗೆ ಒತ್ತಿಕೊಂಡರು, ಆಮೇಲೆ ಗೋಡೆಗೆ ಒರಗಿದರು, ಕೊನೆಗೆ ಹೊಟ್ಟೆ ಹಿಡಿದುಕೊಂಡು ಕೆಳಗೇ ಕೂತರು. ನಾಲ್ಕು ದಿನದ ಅನುಮಾನ ಹೊರಗೆ ಬೀಳುತ್ತಿತ್ತು, ಅದಕ್ಕೆ ಅಷ್ಟು ನಗೆ ಬೇಕೇ ಬೇಕು. ಭಕ್ತಿಗೂ ಆಗ ಉಸಿರು ಬಂತು.

ಆದರೆ ನಗು ಮುಗಿದ ಮೇಲೆ ಆತ್ಯಾ ಗಂಭೀರರಾದರು. "ಖರೆ, ಹಂಗ ತಿರುಗಿ ಕೊಡಲಿಕ್ಕೆ ಬರಂಗಿಲ್ಲ. ಮಂಟಪದಾಗ ಮೈಕಿನ್ಯಾಗ ಓದ್ಯಾರ. ಆಹೇರ ತಿರುಗಿ ಕಳಸಿದ್ರ ಎರಡೂ ಮನಿತನಕ್ಕ ಅಪಮಾನ."

ಆಗ ಭಕ್ತಿಯೇ ದಾರಿ ತೋರಿಸಿದಳು. "ತಿರುಗಿ ಕಳಸೂದು ಯಾಕ ಆತ್ಯಾ? ನಮ್ಮ ಕಡಿಂದ ನಾವ ಆಹೇರ ಮಾಡೂಣು."

ಮಯೂರ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಅಕ್ಕಲಕೋಟದ ಬಜಾರಿಗೆ ಹೋಗಿ, ಹಳೆಯ ಸಾಲಿನ ಕೆಳಗೆ ಹೊಸ ಸಾಲು ಹಾಕಿಸಿ ತಂದ: "ಸೌ. ಭಕ್ತಿ ಮಯೂರ ಯಾಂಚ್ಯಾಕಡೂನ್ ಚಿ. ಕಾಂತೇಶ ಯಾಸ ಸಪ್ರೇಮ ಭೇಟ." ಅಂದರೆ ಈಗ ಭಕ್ತಿಯ ಕಡೆಯಿಂದ ಕಾಂತೇಶನಿಗೆ ಉಡುಗೊರೆ. ಕುಂಕುಮ ಹಚ್ಚಿ ಕಾಂತೇಶನ ಉಡಿಗೆ ಹಾಕಿದರು. ಬಕೇಟಿನ ಸರದಿ ಬಂದಾಗ ಆತ್ಯಾ ಅದನ್ನು ಕಾಲಿನಿಂದ ಹಿಂದೆ ಸರಿಸಿಕೊಂಡರು.

"ಇದು ಇರ್ಲಿ. ಬಕೇಟ ಭಾಳ ಛಲೋ ಅದ."

ಪರೀಕ್ಷೆ ಸಸೂತ್ರ ನಡೆಯಿತು. ಹೊರಗಿನ ಪರೀಕ್ಷಕರು ಪ್ರಾಜೆಕ್ಟಿಗಿಂತ ಮುಚ್ಚಳವನ್ನೇ ಹೆಚ್ಚು ಹೊತ್ತು ಓದಿದರು. ಪ್ರಹ್ಲಾದ ಕಾಕಾ ಸಂಗತಿಯನ್ನು ಜಾವಕದಲ್ಲಿ ಬರೆದುಕೊಂಡರು. ಶಿವಶರಣಪ್ಪನವರು, "ದೊಡ್ಡ ಮನಿತನದವರ ಕೊಡೂದು ತಗೊಳ್ಳೂದು ಹಿಂಗಾ ಇರ್ತಾವ," ಎಂದು ಮೀಸೆ ಏರಿಸಿದರಂತೆ. ಪ್ರಣಿತಾ ಮಾತ್ರ ಫೋನು ಎತ್ತಲಿಲ್ಲ. ಕಾಂತೇಶ ಮತ್ತೆ ಧೂಳಪ್ಪನವರ ಕಟ್ಟೆಗೆ ಹೋಗಿ, ಎರಡೂ ಸಾಲಿನ ಮೇಲೆ ಮೂರನೆಯದನ್ನು ಹಾಕಲು ಹೇಳಿದ: ಅಕ್ಕ ಪ್ರಣಿತಾಳ ಕಡೆಯಿಂದ, ಸಪ್ರೇಮ ಭೇಟ.

ಧೂಳಪ್ಪ ಸಿಟ್ಟಾದರು. "ಇದನ್ನ ಅವತ್ತ ಹೇಳಬಾರದೇನೋ? ಭಾಂಡ್ಯಾದ ಮ್ಯಾಲ ಕೊಟ್ಟವರ ಹೆಸರ ಹಾಕೂದು. ಇಟ್ಕೊಂಡವರದು ಯಾರ ಹಾಕ್ತಾರ?"

ಇದಾಗಿ ಹದಿನೈದು ದಿನಕ್ಕೆ ನಮ್ಮ ಖೋಲಿಗೂ ಕಳ್ಳ ಬಂದ. ನಾವು ಕಾಲೇಜಿನಲ್ಲಿದ್ದೆವು, ಯುವರಾಜ ಮಲಗಿದ್ದ. ಚಾರ್ಜಿಗೆ ಹಾಕಿಟ್ಟಿದ್ದ ನನ್ನ ಮೊಬೈಲು ಹೋಯಿತು, ಯುವರಾಜನ ಬೂಟು ಹೋದವು. ಲ್ಯಾಪ್‌ಟಾಪು ಬ್ಯಾಗಿನಿಂದ ಹೊರಗೆ ಬಂದು ಮಂಚದ ಮೇಲೆ ಮುಚ್ಚಳ ಮೇಲೆ ಮಾಡಿ ಕೂತಿತ್ತು. ಕಳ್ಳ ಮೂರೂ ಸಾಲು ಓದಿರಬೇಕು. "ಇಷ್ಟ ಮಂದಿ ಹೆಸರ ಇದ್ದದ್ದ ಯಾರಿಗಿ ಮಾರ್ತಾನ?" ಎಂದು ಹವಾಲ್ದಾರರು ತಮ್ಮ ಬುದ್ಧಿಮಾತನ್ನು ತಾವೇ ಮೆಚ್ಚಿಕೊಂಡು ಹೋದರು.

ಕಳವಿನ ಸುದ್ದಿ ಕೇಳಿ ಮರುದಿನ ಪ್ರಣಿತಾ ಓಡಿಬಂದಳು. ಮೆಟ್ಟಿಲು ಹತ್ತಿದವಳೇ ತಮ್ಮನ ಮುಖ ನೋಡಲಿಲ್ಲ, ನೇರ ಲ್ಯಾಪ್‌ಟಾಪು ನೋಡಿದಳು. ಎಲ್ಲಕ್ಕಿಂತ ಮೇಲಿದ್ದ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಕಣ್ಣು ಒರೆಸಿಕೊಂಡು, ತಮ್ಮನ ತಲೆಗೆ ಒಂದು ಮೊಟಕಿ, ಖೋಲಿಯ ಸುತ್ತ ಕಣ್ಣು ಹಾಯಿಸಿದಳು.

"ನಾ ಕೊಟ್ಟ ಬಕೇಟ ಎಲ್ಲಿ?"

ಕಾಂತೇಶ ನನ್ನನ್ನು ನೋಡಿದ. ನಾನು ಯುವರಾಜನನ್ನು ನೋಡಿದೆ. ಯುವರಾಜ ಕಣ್ಣು ಮುಚ್ಚಿಕೊಂಡ.

"ಕಳ್ಳ ಒಯ್ದ ಅಕ್ಕಾ," ಅಂದ ಕಾಂತೇಶ.

ಪ್ರಣಿತಾ ಸಂಜೆಯವರೆಗೂ ಕೂತು ಆ ಕಳ್ಳನನ್ನು ಮನಸಾರೆ ಬೈದಳು, ಅವನ ಕೈ ಸೇದಿಹೋಗಲಿ ಅಂದಳು, ಅವನು ಅದರಲ್ಲಿ ಸ್ನಾನ ಮಾಡಿದರೆ ಮೈಯೆಲ್ಲ ತುರಿಕೆ ಏಳಲಿ ಅಂದಳು. ಅಂದು ಅಕ್ಕಲಕೋಟದಲ್ಲಿ ಆತ್ಯಾ ಅವರಿಗೆ ಎಷ್ಟು ಬಿಕ್ಕಳಿಕೆ ಬಂದವೋ, ಫೋನು ಮಾಡಿ ಕೇಳಲು ನಮಗೆ ಧೈರ್ಯವಾಗಲಿಲ್ಲ.